ಚಿನ್ನಿಯ ಬಿಸಿಲುಗೂಡು

ಬೆಕ್ಕಿಗೊಂದು ಗೂಡು ಕಟ್ಟುವುದು ಎಂಥ ದೊಡ್ಡ ಕೆಲಸ? ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವವಳು ನಾನು. ಉದ್ದ, ಅಗಲ, ಎತ್ತರ ಎಂಬ ಮೂರೂ ಸಂಗತಿಗಳು ನನಗೆ ಚೆನ್ನಾಗಿ ಪರಿಚಿತ. ನಾಲ್ಕನೆಯದೊಂದು ಇದೆ, ಅದರ ಹೆಸರು ಓಣಿ ಎಂಬುದು ಮಾತ್ರ ಆಗ ತಿಳಿದಿರಲಿಲ್ಲ.

ಸಿಂಧನೂರಿನಲ್ಲಿ ನಾನಿರುವುದು ಗಂಗಮ್ಮನವರ ಮನೆಯ ಮಾಳಿಗೆ ಮೇಲಿನ ಬಾಡಿಗೆ ಕೋಣೆಯಲ್ಲಿ. ಬಾಗಿಲು ತೆರೆದರೆ ಬಯಲು ಮಾಳಿಗೆ. ಬೇಸಿಗೆ ಬಂತೆಂದರೆ ಮಾಳಿಗೆಯ ತುಂಬ ಅವರ ಸಂಡಿಗೆ. ನನ್ನ ಬೆಕ್ಕು ಚಿನ್ನಿ ಕೋಣೆ ಬಿಟ್ಟು ಹೊರಗೆ ಹೋದವಳಲ್ಲ. ಹೋದದ್ದು ಒಂದೇ ಸಲ. ಆಗ ಹಸಿ ಸಂಡಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಹಿಂತಿರುಗಿ ನೋಡಿ, ಸಮಾಧಾನವಾಗದೆ ಮತ್ತೆ ವಾಪಸು ನಡೆದಳು!

ಗಂಗಮ್ಮನವರು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು.

"ನೋಡವಾ, ಇನ್ನೊಮ್ಮಿ ಇದು ನನ್ನ ಸಂಡಿಗಿ ತುಳೀತಂದ್ರ, ಒಂದಾ ಇದು ಹೋಗಬೇಕು, ಇಲ್ಲಾ ನೀನರ ಹೋಗಬೇಕು."

'ಹೋದರ ಇಬ್ಬರೂ ಕೂಡೇ ಹೋಗತೀವ್ರಿ' ಎಂದೆ, ಮನಸ್ಸಿನಲ್ಲಿ. ಬಾಯಿಂದ ಬಂದದ್ದು "ಹೂಂ ರೀ" ಅಷ್ಟೇ.

ಚಿನ್ನಿಯೋ, ಒಮ್ಮೆ ಬಿಸಿಲಿನ ರುಚಿ ಕಂಡವಳು, ಕಿಟಕಿಯ ಸರಳಿಗೆ ಮೂತಿ ಒತ್ತಿ ದಿನವಿಡೀ ಗೋಳಾಡತೊಡಗಿದಳು. ಬಾಗಿಲು ತೆರೆದಾಗಲೆಲ್ಲ ನನ್ನ ಕಾಲ ಸಂದಿಯಿಂದ ನುಸುಳಲು ಹೊಂಚು. ಅವಳಿಗೆ ಬಿಸಿಲೂ ಸಿಗಬೇಕು, ಸಂಡಿಗೆಯೂ ಉಳಿಯಬೇಕು, ನಮಗಿಬ್ಬರಿಗೂ ಮನೆ ಇರಬೇಕು. ಉತ್ತರ ಒಂದೇ: ಮಾಳಿಗೆಯ ಮೂಲೆಯಲ್ಲೊಂದು ಜಾಲರಿಯ ಗೂಡು.

ಬಿದಿರಿನ ಗಳ, ಕಬ್ಬಿಣದ ಜಾಲರಿ, ತಂತಿ, ಇಕ್ಕಳ ತಂದೆ. ಹೊರಗೆ ಕೂತು ಕಟ್ಟಿದರೆ ಓಣಿಯವರೆಲ್ಲ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಆದ್ದರಿಂದ ಕೋಣೆಯೊಳಗೇ, ಬಾಗಿಲು ಹಾಕಿಕೊಂಡು, ಯಾರಿಗೂ ಸುಳಿವು ಕೊಡದೆ ಕಟ್ಟಿದೆ. ಗೂಡು ಸೊಗಸಾಗಿ ಬಂತು. ಎತ್ತಿ ನೋಡಿದೆ, ಹಗುರವಾಗಿತ್ತು. ಬಾಗಿಲ ತನಕ ತಂದೆ.

ಬಾಗಿಲಲ್ಲಿ ಹಿಡಿಸಲಿಲ್ಲ!

ಅಡ್ಡ ಹಿಡಿದೆ, ಉದ್ದ ಹಿಡಿದೆ, ಓರೆ ಮಾಡಿದೆ. ಗೂಡಿನ ಉದ್ದ, ಅಗಲ, ಎತ್ತರ ಮೂರನ್ನೂ ಅಳೆದಿದ್ದೆ; ಅಳೆಯದೆ ಬಿಟ್ಟದ್ದು ಬಾಗಿಲೊಂದನ್ನೇ. ಕಡೆಗೆ ತಂತಿಗಳನ್ನೆಲ್ಲ ಬಿಚ್ಚಿ, ಮಾಳಿಗೆಯ ಮೇಲೆ, ಸಕಲರ ಕಣ್ಣೆದುರು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು.

ಎದುರು ಮಾಳಿಗೆಯ ಶಾಂತಕ್ಕ ಬಟ್ಟೆ ಒಣಹಾಕಲು ಬಂದರು. ಒಂದೇ ಟವಲನ್ನು ಎಷ್ಟು ಸಲ ಒಣಹಾಕಬಹುದೋ ಅಷ್ಟು ಸಲ ಹಾಕಿದರು.

"ಮೇಡಂರ, ಏನ್ ಮಾಡಾಕತ್ತೀರಿ?"

"ಗೂಡು ರೀ."

ನಾನು ಅಷ್ಟಕ್ಕೇ ನಿಲ್ಲಿಸಿದೆ. ಉಳಿದದ್ದನ್ನು ಶಾಂತಕ್ಕ ತಾವೇ ತುಂಬಿಕೊಂಡರು. ಸಂಜೆಯೊಳಗೆ ಗಂಗಮ್ಮನವರು ಪೂಜೆಯನ್ನು ಅರ್ಧಕ್ಕೆ ಬಿಟ್ಟು, ಹಣೆಯ ತುಂಬ ಹಸಿ ವಿಭೂತಿಯೊಂದಿಗೆ ಮೆಟ್ಟಿಲೇರಿ ಬಂದರು.

"ಯವ್ವಾ, ಲಿಂಗಪೂಜಿ ಮಾಡೂ ಮನಿ ಇದು! ಇದರ ಮ್ಯಾಲ ಕೋಳಿ ಸಾಕಾಕ ನಿಂತೀಯಂತಲ್ಲ?"

"ಕೋಳಿಗಲ್ರೀ ಅಮ್ಮಾರ, ಬೆಕ್ಕಿಗೆ."

"ಬೆಕ್ಕಿಗೆ?" ಅವರ ಮುಖದ ಸಿಟ್ಟು ಇಳಿದು ಕನಿಕರ ಏರಿತು. "ಬೆಕ್ಕಿಗೆ ಯಾರರ ಗೂಡು ಕಟ್ಟತಾರೇನ ಹುಚ್ಚಿ? ಮಂದಿ ಗೂಡು ಕಟ್ಟೂದು ಬೆಕ್ಕಿನ ಕೈಯಿಂದ ಬಚಾವ್ ಮಾಡಾಕ!"

ಓದದವರ ಮಾತು ಎಂದುಕೊಂಡು ಮತ್ತೆ ತಂತಿ ಬಿಗಿಯತೊಡಗಿದೆ.

ಗೂಡಿನಲ್ಲಿ ನನ್ನ ವಿಶೇಷ ಹೆಮ್ಮೆ ಎಂದರೆ ಅದರ ಚಿಲಕ. ಬಾಗಿಲು ಮುಚ್ಚಿದರೆ ಸಾಕು, ಹೊರಗಡೆಯಿಂದ ತಾನಾಗಿಯೇ ಬೀಳುತ್ತಿತ್ತು. ನಾನು ಮರೆತರೂ ಚಿಲಕ ಮರೆಯದು! ಜಾಲರಿಯ ಕಣ್ಣುಗಳಂತೂ ಬೆರಳು ತೂರದಷ್ಟು ಸಣ್ಣವು. ಬಾಗಿಲು ಗಿಡ್ಡ, ಬೆಕ್ಕಿಗೆ ದೊಡ್ಡ ಬಾಗಿಲು ಯಾಕೆ?

ಮರುದಿನ ಬೆಳಿಗ್ಗೆ ಗೃಹಪ್ರವೇಶ. ಗಂಗಮ್ಮನವರು ಆಗಲೇ ಸಂಡಿಗೆ ಹಾಕಿ ಕೆಳಗಿಳಿದಿದ್ದರು. ಚಿನ್ನಿಯನ್ನು ಕಂಕುಳಲ್ಲಿ ಅವಚಿಕೊಂಡು ಗೂಡಿನ ಬಾಗಿಲಿಗೆ ಬಂದೆ. ಅವಳು ನಾಲ್ಕೂ ಕಾಲು ಊರಿ ಒಳಗೆ ಹೋಗಲೊಲ್ಲಳು. ಸರಿ, ಒಂದು ನಿಮಿಷ ಜೊತೆಗೆ ಕೂತರೆ ಧೈರ್ಯ ಬಂದೀತು ಎಂದು ಅವಳೊಂದಿಗೆ ನಾನೂ ತೆವಳಿ ಒಳಗೆ ಹೋದೆ. ಬಾಗಿಲು ಎಳೆದುಕೊಳ್ಳಲು ತಿರುಗುವಷ್ಟರಲ್ಲಿ ಚಿನ್ನಿ ನನ್ನ ಹೆಗಲು ಮೆಟ್ಟಿ, ತೆರೆದ ಬಾಗಿಲಿನ ನೆತ್ತಿಗೆ ಹಾರಿ, ಅಲ್ಲಿಂದ ನೆಲಕ್ಕೆ ಜಿಗಿದಳು. ಆ ರಭಸಕ್ಕೆ ಬಾಗಿಲು ಬಡಿದು ಮುಚ್ಚಿತು.

ಟಕ್!

ಚಿಲಕ ಮರೆಯಲಿಲ್ಲ.

ಫೋನು ಕೋಣೆಯಲ್ಲಿತ್ತು. ನಾನು ಕೂಗುವವಳಲ್ಲ, ತರಗತಿಯಲ್ಲೂ ಕೂಗಿದವಳಲ್ಲ. 'ದಯವಿಟ್ಟು ಯಾರಾದರೂ ಇತ್ತ ಬರುವಿರಾ' ಎಂಬ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತಿರುವಾಗ ಶಾಂತಕ್ಕ ಟವಲಿನೊಂದಿಗೆ ಪ್ರತ್ಯಕ್ಷರಾದರು.

"ಮೇಡಂರ, ನೀವ್ಯಾಕ ಒಳಗ ಕುಂತೀರಿ?"

ಒಂದೇ ಒಂದು ಮಾತು ನಿಜ ಹೇಳಿದ್ದರೆ ಬಿಡುಗಡೆಯಾಗುತ್ತಿತ್ತು.

"ಗಾಳಿ ಚೊಲೋ ಬರತೈತ್ರಿ," ಎಂದಿತು ನನ್ನ ಬಾಯಿ.

ಸಿಂಧನೂರಿನ ಬೇಸಿಗೆಯಲ್ಲಿ, ಮಾಳಿಗೆಯ ಮೇಲೆ, ಗಾಳಿ!

"ಹೌದನ್ರಿ? ಕುಂದರ್ರಿ, ಕುಂದರ್ರಿ," ಎಂದು ಶಾಂತಕ್ಕ ಟವಲು ಝಾಡಿಸಿಕೊಂಡು ಕೆಳಗೆ ಹೋದರು.

ಚಿನ್ನಿ ನನ್ನನ್ನು ನೋಡಿದಳು. ಆಮೇಲೆ ಸಂಡಿಗೆಯನ್ನು ನೋಡಿದಳು. ನಿಧಾನವಾಗಿ ಹೋಗಿ ಸಂಡಿಗೆಯ ಬಟ್ಟೆಯ ಅಂಚಿಗೆ ಒಂದು ಕಾಲು ಇಟ್ಟಳು. ಒಂದೇ ಕಾಲು. ನನ್ನ ಕಣ್ಣ ಮುಂದೆ ಗಂಟುಮೂಟೆ, ಆಟೋ, ಬೆಕ್ಕಿದ್ದವರಿಗೆ ಮನೆ ಕೊಡೆವು ಎನ್ನುವ ಊರಿನ ಸಮಸ್ತ ಮಾಲೀಕರು ಹಾದುಹೋದರು. ಆಗ ಹುಟ್ಟಿದಾರಭ್ಯ ನನ್ನೊಳಗೆ ಸುಮ್ಮನೆ ಕೂತಿದ್ದ ದನಿ ಎದ್ದು ನಿಂತಿತು.

"ಅಮ್ಮಾರಾ! ಲಗೂನ ಬರ್ರೀ! ಸಂಡಿಗೀ!"

ಅಕ್ಕಿ ಗಿರಣಿಯ ಸದ್ದನ್ನೂ ಮೀರಿತೆಂದು ಆಮೇಲೆ ಓಣಿಯವರು ಹೇಳಿದರು. ಅದಿರಲಿ, ಅಂಚಿನಲ್ಲಿ ಒಂದೇ ಕಾಲಿಟ್ಟು ಯೋಚಿಸುತ್ತಿದ್ದ ಚಿನ್ನಿ ಈ ಆರ್ಭಟಕ್ಕೆ ಬೆದರಿ, ಸಂಡಿಗೆಯ ಮೇಲೆ ಉದ್ದಕ್ಕೂ ಓಡಿ, ಏರಿ ಬರುತ್ತಿದ್ದ ಗಂಗಮ್ಮನವರ ಸೀರೆಯ ನಿರಿಗೆಗೆ ಕಾಲಿನ ಸಂಡಿಗೆ ಹಿಟ್ಟು ಮೆತ್ತಿ ಕೆಳಗಿಳಿದಳು!

ಸುತ್ತಲ ಮಾಳಿಗೆಗಳೆಲ್ಲ ತುಂಬಿದವು. ಗಂಗಮ್ಮನವರು ಸಂಡಿಗೆಯನ್ನು ನೋಡಿದರು. ಗೂಡನ್ನು ನೋಡಿದರು. ಗೂಡಿನೊಳಗಿನ ನನ್ನನ್ನು ನೋಡಿದರು.

"ಅಮ್ಮಾರ, ನಾವು ಹೋಗತೀವ್ರಿ," ಎಂದೆ ಗಂಭೀರವಾಗಿ.

"ಎಲ್ಲಿಗೆ ಹೋಗ್ತೀಯವಾ? ಮೊದಲ ಅದರಾಗಿಂದ ಹೊರಗ ಬರೂದು ಕಲಿ!"

ಆದರೆ ಚಿಲಕ ತೆಗೆಯಲಿಲ್ಲ. ಗೂಡನ್ನು ಸುತ್ತು ಹಾಕಿದರು. ಜಾಲರಿಯನ್ನು ಅಲ್ಲಾಡಿಸಿದರು, ಕಿರುಬೆರಳು ತೂರಿಸಲು ನೋಡಿದರು.

"ಬೆಕ್ಕಿನ ಕಾಲ ಹೋಗಂಗಿಲ್ಲ. ಕಾಗಿ ಚುಂಚ ಹೋಗಂಗಿಲ್ಲ. ಬಿಸಿಲು ಮಾತ್ರ ಚೊಲೋ ಬೀಳತೈತಿ." ಎದುರು ಮಾಳಿಗೆಗೆ ತಿರುಗಿ ಕೂಗಿದರು: "ನೋಡ್ಲೇ ಶಾಂತಿ, ಸಂಡಿಗಿ ಒಣಗಸಾಕ ಎಷ್ಟ ಛಂದ ಗೂಡು ಕಟ್ಯಾಳ ನಮ್ಮ ಹುಡುಗಿ!"

ಆಮೇಲೆ ನನ್ನತ್ತ ಬಗ್ಗಿ, ದನಿ ತಗ್ಗಿಸಿ ಹೇಳಿದರು: "ನೀನೂ ಇರು, ಬೆಕ್ಕೂ ಇರಲಿ. ಗೂಡು ನನಗಿರಲಿ."

ಹೀಗೆ ಈಗ ಸಂಡಿಗೆ ಗೂಡಿನೊಳಗೆ, ಚಿನ್ನಿ ಇಡೀ ಮಾಳಿಗೆಯ ಒಡತಿ. ಒಂದೇ ತೊಡಕು. ಆ ಗಿಡ್ಡ ಬಾಗಿಲಲ್ಲಿ ಗಂಗಮ್ಮನವರು ಹಿಡಿಸುವುದಿಲ್ಲ. ಹಿಡಿಸುವ ದೇಹ ಈ ಮನೆಯಲ್ಲಿ ಒಂದೇ ಇದೆ. ರಜೆ ಬಂತೆಂದರೆ ನಾನು ಹಿಟ್ಟಿನ ಬೋಗುಣಿ ಹಿಡಿದು ತೆವಳಿ ಒಳಗೆ ಹೋಗುತ್ತೇನೆ. "ಬೆಕ್ಕು ಬಂದೀತವಾ" ಎಂದು ಗಂಗಮ್ಮನವರು ಹಿಂದಿನಿಂದ ಬಾಗಿಲು ದೂಡುತ್ತಾರೆ. ಟಕ್! ಚಿನ್ನಿ ಗೂಡಿನ ಮೇಲೆ ಮೈಚಾಚಿ, ಜಾಲರಿಯ ಮೂಲಕ ನನ್ನ ಕೆಲಸವನ್ನು ಪರಿಶೀಲಿಸುತ್ತಾಳೆ.

ಮೊನ್ನೆ ಮುದಗಲ್ಲಿನಿಂದ ನಮ್ಮವ್ವ ಬಂದಿದ್ದಳು. ಕೆಳಗೆ ಅಂಗಳದಲ್ಲಿ ಅವಳು ಕೇಳಿದ್ದು ಮೇಲೆ ನನಗೆ ಸ್ಪಷ್ಟವಾಗಿ ಕೇಳಿಸಿತು.

"ನನ್ನ ಮಗಳು ಎಲ್ಲ್ಯದಾಳ್ರಿ?"

ಗಂಗಮ್ಮನವರು ನೆಮ್ಮದಿಯ ದನಿಯಲ್ಲಿ ಹೇಳಿದರು:

"ಗೂಡಿನಾಗ ಅದಾಳ್ರಿ. ಚಿಲಕ ಹಾಕೀನಿ, ಎಲ್ಲೂ ಹೋಗಂಗಿಲ್ಲ. ಕುಂದರ್ರಿ, ಚಾ ಕುಡೀರಿ."