ಹಾಳೆಗೆ ಗುಂಡು ಹೊಡೆಯುವ ನಮ್ಮ ಮಾಮಾ

ನಮ್ಮ ಸೋದರಮಾವನಷ್ಟು ನಿರುಪದ್ರವಿಯಾದ ಬಂದೂಕುಧಾರಿ ಇಡೀ ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ! ಸಿಂಧನೂರಿನ ಅವರ ಮನೆಯ ಕಬ್ಬಿಣದ ಅಲಮಾರಿಯಲ್ಲಿ ಎರಡು ರಿವಾಲ್ವರುಗಳಿವೆ. ಎರಡೂ ಅವರಿಗಿಂತ ವಯಸ್ಸಿನಲ್ಲಿ ಹಿರಿಯವು. ಎರಡಕ್ಕೂ ಪರವಾನಗಿ ಇದೆ. ಆದರೆ ಅವುಗಳಿಂದ ಇವತ್ತಿನವರೆಗೆ ಒಂದು ಇಲಿಯೂ ಸತ್ತಿಲ್ಲ. ಯಾಕೆಂದರೆ ಅವು ಹಾಳೆಗೆ ಹೊಡೆಯುವ ರಿವಾಲ್ವರುಗಳು. ದಪ್ಪ ಕಾಗದದ ಮೇಲೆ ಸುತ್ತುಗೆರೆ, ನಡುವೆ ಒಂದು ಕರಿ ಬೊಟ್ಟು. ಆ ಬೊಟ್ಟಿಗೆ ತಾಗಿಸಲೆಂದೇ ಹಿಂದಿನವರು ಉದ್ದ ನಳಿಗೆ ಇಟ್ಟು ಅವನ್ನು ಮಾಡಿದ್ದಾರಂತೆ. ಕಾಗದದ ಮೇಲೆ ಯಾರಿಗಾದರೂ ಇಷ್ಟು ಸಿಟ್ಟಿರುತ್ತದೆಯೇ? ನನಗೆ ಚಿಕ್ಕಂದಿನಿಂದಲೂ ಅರ್ಥವಾಗಿಲ್ಲ. ಕೇಳಿದರೆ ಮಾಮಾ ಗಂಟೆಗಟ್ಟಲೆ ವಿವರಿಸುತ್ತಾರೆ, ಆಮೇಲೆ ಇನ್ನೂ ಗೊಂದಲವಾಗುತ್ತದೆ.

ಒಮ್ಮೆ ಜವಳಗೇರಾದ ಬೀಗರು ಓಡಿ ಬಂದರು. "ನೆಲ್ಲಿನ ಗದ್ದ್ಯಾಗ ಹಂದಿ ನುಗ್ಗ್ಯಾವ್ರೀ, ಬಂದೂಕು ತಗೊಂಡು ಜಲ್ದಿ ಬರ್ರಿ!"

ಮಾಮಾ ಕೂತಲ್ಲಿಂದ ಏಳಲಿಲ್ಲ. "ಇದು ಹಂದಿಗಲ್ರೀ, ಹಾಳಿಗೆ."

ಬೀಗರು ಬಿಡಲಿಲ್ಲ. "ಹಂಗಾರ ಹಂದಿ ಮೈಮ್ಯಾಲ ಹಾಳಿ ಅಂಟಿಸ್ತೀವಿ, ಬರ್ರಿ!"

ಮಾಮಾ ಹೋಗಲಿಲ್ಲ. ಆ ಬೀಗರು ಈಗಲೂ ಸರಿಯಾಗಿ ಮಾತಾಡುವುದಿಲ್ಲ.

ಇನ್ನು ಚುನಾವಣೆ ಬಂತೆಂದರೆ ಕೇಳಬೇಡಿ. ಪರವಾನಗಿ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಬೇರೆಯವರು ಕೊಟ್ಟು, ರಸೀದಿ ಪಡೆದು, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಕಳೆದ ಸಲ ನಮ್ಮ ಮಾಮಾ ಎರಡನ್ನೂ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಹೋಗಿ ಕೊಟ್ಟು ಬಂದರು. ಅಷ್ಟಕ್ಕೇ ಮುಗಿಯಿತೇ? ಮರುದಿನ ಸಂಜೆ ಮತ್ತೆ ಠಾಣೆಯಲ್ಲಿ ಹಾಜರು! "ಅವಕ್ಕ ತಂಪು ತಾಗೈತೇನ್ರೀ?" ಅಂತ ವಿಚಾರಣೆ. ದಿನಾ ಇದೇ ಆದಾಗ ಪೇದೆಯೊಬ್ಬರು ಕೈ ಮುಗಿದರು. "ಮಾಲಕರ, ಹೆಣ್ಣು ಕೊಟ್ಟ ಮನಿಗೆ ಸೈತ ಯಾರೂ ಇಷ್ಟು ಸಲ ಬರಂಗಿಲ್ರೀ!"

ಅತ್ತೆಗೆ ಆ ರಿವಾಲ್ವರುಗಳೆಂದರೆ ಆಗದು. ಆದರೂ ದೇವರ ಕೆಲಸದಲ್ಲಿ ಭೇದ ಮಾಡಿದವರಲ್ಲ. ಒಂದು ಆಯುಧ ಪೂಜೆಯ ದಿನ ಮಾಮಾ ಸ್ನಾನಕ್ಕೆ ಹೋದಾಗ, ಹೊರಗೆ ತೆಗೆದಿಟ್ಟಿದ್ದ ಖಾಲಿ ರಿವಾಲ್ವರುಗಳಿಗೆ ಕುಸುಬಿ ಎಣ್ಣೆ ಸವರಿ, ಅರಿಶಿನ ಕುಂಕುಮ ಮೆತ್ತಿ, ನಳಿಗೆಯ ಬಾಯಿಗೆ ಚೆಂಡು ಹೂವು ತುರುಕಿ, ಮೇಲೆ ಒಂದೊಂದು ನಿಂಬೆಹಣ್ಣು ಹಿಂಡಿದ್ದರು. ಗುಂಡು ತುಂಬುವ ಚಕ್ರ ತಿರುಗಲೇ ಇಲ್ಲ. ಮಾಮಾ ದೀಪಾವಳಿಯವರೆಗೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಕುಂಕುಮ ಕೆರೆದರು. ಅತ್ತೆಗೆ ತಮ್ಮ ತಪ್ಪೇನೆಂದೇ ತಿಳಿಯಲಿಲ್ಲ. "ಟ್ರ್ಯಾಕ್ಟರಿಗೂ ಹಿಂಗ ಮಾಡೀನಿ, ಅದು ಚಾಲೂ ಆತು. ಇದಕ್ಕೇನು ಧಾಡಿ?"

ಈಚೆಗೆ ಮಾಮಾಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಲಿಂಗಸುಗೂರಿನ ಡಾಕ್ಟರು ಎಷ್ಟು ಕನ್ನಡಕ ಬದಲಿಸಿದರೂ ಕರಿ ಬೊಟ್ಟು ಮಸುಕಾಗುತ್ತಲೇ ಹೋಯಿತು. ಒಂದು ದಿನ ಮಾಮಾ ಎಲ್ಲರೆದುರು ಸಾರಿಬಿಟ್ಟರು. "ಆರು ಗುಂಡು ಹೊಡದು ಒಂದೂ ಹಾಳಿಗೆ ಬೀಳದ ದಿವಸ, ಎರಡನ್ನೂ ಸರ್ಕಾರಕ್ಕ ಒಪ್ಪಿಸಿ ಬರ್ತೀನಿ. ಕೊಟ್ಟ ಮಾತು!"

ಮಾಮಾ ಮಾತು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಹಾಗಾಗಿ ಅತ್ತೆಗೆ ಖುಷಿಯಾಗಬೇಕಿತ್ತು. ಆಗಲಿಲ್ಲ! ಅಲ್ಲಿಯವರೆಗೆ ಒಮ್ಮೆಯೂ ಗುರಿ ಹೊಡೆಯುವಲ್ಲಿಗೆ ಜೊತೆಗೆ ಹೋಗದವರು "ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದರು. ನನಗೆ ಮತ್ತೊಂದು ಗೊಂದಲ.

ಗುರುಗುಂಟಾದ ಆಚೆ, ಪರಿಚಯದವರ ಹಳೆಯ ಕಲ್ಲುಗಣಿ ಒಂದಿದೆ. ಮೂರು ಕಡೆ ಎತ್ತರದ ಬಂಡೆ, ಒಳಗೆ ಒಂದು ಕುರಿಯೂ ಬರುವುದಿಲ್ಲ. ಮಾಮಾ ಒಪ್ಪಿಗೆ ಪಡೆದು ಗುರಿ ಹಿಡಿಯುವುದು ಅಲ್ಲೇ. ಕಾರು ಓಡಿಸುವ ಕೆಲಸ ನನ್ನದು. ಪ್ರತಿ ಸಲ ಮಾಮಾ ಆರು ಗುಂಡು ಹಾರಿಸುತ್ತಾರೆ, ರಿವಾಲ್ವರು ಖಾಲಿ ಮಾಡಿ ಕೆಳಗಿಡುತ್ತಾರೆ, ಅತ್ತೆ ಹಾಳೆಯ ಹತ್ತಿರ ಹೋಗಿ ನೋಡಿ ಕೂಗುತ್ತಾರೆ. "ಎರಡು ಬಿದ್ದಾವ್ರೀ!" ಒಮ್ಮೊಮ್ಮೆ ಮೂರು. ಕಣ್ಣು ಮಸುಕಾದಷ್ಟೂ ಗುರಿ ಸುಧಾರಿಸುತ್ತಿದೆಯಲ್ಲ, ಇದೆಂಥ ಕಾಯಿಲೆ?

ಮೊನ್ನೆ ನೀರಿನ ಬಾಟಲಿ ಹಿಡಿದು ನಾನೂ ಅತ್ತೆಯ ಹಿಂದೆಯೇ ಹೋದೆ. ಹಾಳೆ ಕಟ್ಟಿದ ಹಾಗೇ ಇತ್ತು. ಒಂದು ಗುಂಡೂ ತಾಗಿರಲಿಲ್ಲ. ಅತ್ತೆ ಸೊಂಟದಿಂದ ನೆಲ್ಲಿನ ಚೀಲ ಹೊಲಿಯುವ ದಬ್ಬಣ ತೆಗೆದರು. ಕರಿ ಬೊಟ್ಟಿನ ನಟ್ಟನಡುವೆ ಚುಚ್ಚಿ, ತಿರುವಿ, ತೂತು ಅಗಲ ಮಾಡಿದರು.

"ಅತ್ತಿ, ಇದೇನ್ರಿ!"

"ಬಾಯಿ ಮುಚ್ಚು. ಅವುನ್ನೂ ಕೊಟ್ಟು ಬಂದ್ರ ಆ ಮನಷ್ಯಾ ದಿನಾ ಏನು ನೋಡ್ಕೊಂತ ಕುಂದರಬೇಕು?" ಎಂದವರೇ ಇನ್ನೊಂದು ಚುಚ್ಚಿ, ದನಿ ಎತ್ತಿದರು. "ಎರಡು ಬಿದ್ದಾವ್ರೀ!"

ವಾಪಸು ಬರುವಾಗ ಮಸ್ಕಿಯಲ್ಲಿ ಅತ್ತೆ ಮಿರ್ಚಿ ಕಟ್ಟಿಸಲು ಇಳಿದರು. ಕಾರಿನಲ್ಲಿ ನಾವಿಬ್ಬರೇ. ನನ್ನ ಮುಖ ಹೇಗಿತ್ತೋ ಏನೋ, ಮಾಮಾ ಮೆಲ್ಲಗೆ ಕೇಳಿದರು. "ನೋಡಿಬಿಟ್ಟೇನು?"

ನಾನು ಹೂಂ ಎಂದೆ.

"ಚುಚ್ಚಿದ ತೂತಿನ ಅಂಚು ಹಿಂದ ಎದ್ದು ನಿಂತಿರ್ತೈತಿ, ಗುಂಡಿಂದು ಹಂಗಿರಂಗಿಲ್ಲ. ಕಣ್ಣಿಗೆ ಕಾಣಲಿಲ್ಲಂದ್ರ ಬೆರಳಿಗೆ ತಿಳಿಯಂಗಿಲ್ಲೇನು? ಮೊದಲನೇ ಸಲಕ್ಕ ತಿಳದಿತ್ತು."

"ಮತ್ತ ಕೊಟ್ಟ ಮಾತು, ಮಾಮಾ?"

"ನಾ ಒಪ್ಪಿಸಿ ಬಂದ್ರ ಆಕಿ ಸುಳ್ಳು ಹೇಳ್ಯಾಳ ಅಂತ ಊರಿಗೆ ಸಾರಿದಂಗಾತು. ಆಕಿನ್ನ ಸುಳ್ಳಿ ಮಾಡಲೇನು? ಅದಕ್ಕ ನಾನ ಮಾತು ತಪ್ಪೀನಿ."

ಅಳು ಬಂತು ಎಂದು ಹೇಳಲು ನಾಚಿಕೆಯೇನಿಲ್ಲ. ಅತ್ತೆ ಬಿಸಿ ಪೊಟ್ಟಣ ಹಿಡಿದು ರಸ್ತೆ ದಾಟುತ್ತಿದ್ದರು. ಮಾಮಾ ಆ ಮಸುಕು ಆಕೃತಿಯನ್ನೇ ನೋಡುತ್ತ, ತೊಡೆಯ ಮೇಲಿದ್ದ ಹಾಳೆಯ ತೂತುಗಳ ಮೇಲೆ ಬೆರಳಾಡಿಸಿದರು.

"ನೋಡು, ಒಂದೂ ನಡುವ ಬಿಟ್ಟು ಆಚೀಕ ಹೋಗಿಲ್ಲ. ಹರೇದಾಗ ಸೈತ ನಾ ಇಷ್ಟು ಬರೋಬ್ಬರಿ ಹೊಡದಿಲ್ಲ."