ಹತ್ತು ನಿಮಿಷ ಕರೆಂಟು ಹೋಗಬಾರದು

ಕರೆಂಟಿನ ವಿಷಯದಲ್ಲಿ ಇಡೀ ಹರಿಹರದಲ್ಲಿ ಉಚ್ಚಂಗಮ್ಮನನ್ನು ಮೀರಿಸುವವರು ಇಲ್ಲ ಎಂಬುದು ಸ್ವತಃ ಉಚ್ಚಂಗಮ್ಮನ ಅಭಿಪ್ರಾಯವಾಗಿತ್ತು. ಇರದೆ ಏನು! ಲೈನ್‌ಮನ್ ಹನುಮಂತಪ್ಪನ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದವಳು. ಓದಿದ್ದು ಮೂರನೇ ಕ್ಲಾಸು. ನೆನಪಿನ ಶಕ್ತಿ ಮಾತ್ರ ಮೂರು ಊರಿಗಾಗುವಷ್ಟು. ಯಾವ ವರ್ಷದ ಯಾವ ಮಳೆಗೆ ಯಾವ ಓಣಿಯ ಕಂಬ ಬಿತ್ತು, ಆವತ್ತು ಮನೆಯಲ್ಲಿ ಏನು ಸಾರು, ಆ ಸಾರಿಗೆ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ, ಎಲ್ಲ ನಾಲಗೆ ತುದಿಯಲ್ಲೇ ಇರುತ್ತಿತ್ತು.

ಹನುಮಂತಪ್ಪ ತೀರಿಕೊಂಡು ಆರು ವರ್ಷವಾಗಿದ್ದರೂ ಆತ ಹಾಕಿಕೊಟ್ಟ ಒಂದು ಕಾನೂನು ಆ ಮನೆಯಲ್ಲಿ ಇನ್ನೂ ಜೀವಂತವಾಗಿತ್ತು. "ಯಾರೇ ಆಗ್ಲಿ ವೈರಿಗೆ ಕೈ ಹಾಕಿದ್ರೆ, ಮೊದ್ಲು ಮೇನ್ ಆಫ್. ಮಾತು ಆಮೇಲೆ!" ಉಚ್ಚಂಗಮ್ಮ ಅದನ್ನು ಮೂವತ್ತೊಂದು ವರ್ಷ ಪಾಲಿಸಿದ್ದಳು. ಗಂಡ ಸ್ಟೂಲು ಹತ್ತಿದರೆ ಸಾಕು, ಅವಳ ಕೈ ಮೇನ್ ಸ್ವಿಚ್ಚಿನ ಮೇಲೆ. ಒಮ್ಮೆ ಆತ ಬರೀ ಗಡಿಯಾರಕ್ಕೆ ಸೆಲ್ ಹಾಕಲು ಹತ್ತಿದಾಗಲೂ ಮನೆ ಕತ್ತಲಾಗಿತ್ತು!

ಇಂಥ ಮನೆಯಲ್ಲಿ ಸೊಸೆ ಸುಮಾಳ ಕಂಪ್ಯೂಟರಿಗೆ ಕಾಯಿಲೆ ಬಂತು.

ಸುಮಾ ಬ್ಲೌಸುಗಳ ಮೇಲೆ ಎಂಬ್ರಾಯ್ಡರಿ ಹಾಕುತ್ತಿದ್ದಳು. ಅವಳ ಹೊಲಿಗೆ ಮಷೀನು ಹಳೆಯದು, ಅದಕ್ಕೆ ಡಿಸೈನು ಹೇಳಿಕೊಡುವ ಕಂಪ್ಯೂಟರು ಇನ್ನೂ ಹಳೆಯದು. ಹೊಸ ಕಂಪ್ಯೂಟರುಗಳಲ್ಲಿ ಆ ಮಷೀನಿನ ವೈರು ಚುಚ್ಚಲು ತೂತೇ ಇರಲಿಲ್ಲ. ಈಗ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕಂಪ್ಯೂಟರು ದಿನಕ್ಕೆ ನಾಲ್ಕು ಸಲ ತಾನಾಗಿ ಆರಿಹೋಗತೊಡಗಿತು. ಒಂದು ನವಿಲಿಗೆ ಕೊಕ್ಕು ಬರಲಿಲ್ಲ. ಇನ್ನೊಂದಕ್ಕೆ ಕೊಕ್ಕು ಬಂತು, ಬಾಲ ಬರಲಿಲ್ಲ. ಮಲೆಬೆನ್ನೂರಿನ ಯಶೋದಾಳ ಮಗಳ ಮದುವೆಗೆ ಹನ್ನೊಂದು ಬ್ಲೌಸು ಸೋಮವಾರ ಕೊಡಬೇಕು. ಆವತ್ತು ಗುರುವಾರ. ಇದು ಸುಮಾಳ ಮೊದಲನೇ ದೊಡ್ಡ ಕೆಲಸ. ಇದು ತಪ್ಪಿದರೆ ಮಲೆಬೆನ್ನೂರಿನ ಕಡೆಯಿಂದ ಇನ್ನೊಂದು ತುಂಡು ಬಟ್ಟೆಯೂ ಅವಳ ಮನೆಗೆ ಬರುವುದಿಲ್ಲ.

ಉಚ್ಚಂಗಮ್ಮನ ಮಗ, ಸುಮಾಳ ಗಂಡ ಕಾಂತರಾಜ್ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುವವನು. ಬೆಳಗಿನಿಂದ ಮೊಬೈಲು ನೋಡಿ ನೋಡಿ ಪಂಡಿತನಾಗಿ ಎದ್ದ.

"ಗೊತ್ತಾತು! ಇದರ ಬಯಾಸ್ ಹಳೇದಾಗೈತೆ. ಅಪ್‌ಡೇಟ್ ಮಾಡಿದ್ರೆ ಸರಿಹೋಗ್ತೈತೆ. ನಾನೇ ಮಾಡ್ತೀನಿ!"

"ನೀವಾ?" ಎಂದಳು ಸುಮಾ. "ಹೋದ ವರ್ಷ ಮಿಕ್ಸಿ ರಿಪೇರಿ ಮಾಡಿದ್ರಲ್ಲ, ಆ ನೀವೇನಾ?"

"ಅದು ಮಿಕ್ಸಿ ತಪ್ಪು!"

ಸುಮಾ ದಾವಣಗೆರೆಯ ಮಂಡಿಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗುಲ್ನಾಜಳಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಬಯಾಸ್ ಅಂದ್ರೆ ಏನವ್ವ?" ಎಂದು ಮೊದಲು ಕೇಳಿದವಳು ಉಚ್ಚಂಗಮ್ಮನೇ.

"ಅಮ್ಮಾ, ನಾವು ಬೆಳಿಗ್ಗೆ ಎದ್ದ ಕೂಡ್ಲೆ ನಾನ್ಯಾರು, ನನ್ನ ಕೈ ಎಲ್ಲಿ, ಕಾಲು ಎಲ್ಲಿ ಅಂತ ಗೊತ್ತಾಗ್ತೈತಲ್ರಿ? ಕಂಪ್ಯೂಟರಿಗೆ ಆ ನೆನಪೇ ಬಯಾಸ್. ಅಪ್‌ಡೇಟ್ ಅಂದ್ರೆ ಹಳೇ ನೆನಪು ಅಳಿಸಿ ಹೊಸದು ಬರೆಯೋದು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದಾಗೆ ಕರೆಂಟು ಹೋತು ಅನ್ರಿ, ಹಳೇದು ಅಳಿಸಿರ್ತೈತೆ, ಹೊಸದು ಬರೆದಿರಂಗಿಲ್ಲ. ಕಣ್ಣೇ ಬಿಡಂಗಿಲ್ಲ ಅದು!"

"ಅಯ್ಯೋ ಶಿವನೇ!"

"ಅದಕ್ಕೆ ಹೇಳ್ತೀನಿ, ಬಯಾಸ್ ಮುಟ್ಟಬ್ಯಾಡ್ರಿ. ಮೊದ್ಲು ಹಿಂದಿನ ವೈರು ನೋಡ್ರಿ."

"ವೈರು ಏನೂ ಆಗಿಲ್ಲ!" ಎಂದ ಕಾಂತರಾಜ್, ವೈರು ನೋಡದೆಯೇ.

"ಹಂಗಾದ್ರೆ ಎರಡು ದಿನ ತಡೀರಿ, ನಾನೇ ಒಂದು ಯುಪಿಎಸ್ ತರ್ತೀನಿ. ಕರೆಂಟು ಹೋದ್ರೂ ಅದು ಹಿಡಿದುಕೊಳ್ತೈತೆ."

ಮನೆಯಲ್ಲಿ ಸಭೆ ಸೇರಿತು. ಎರಡು ದಿನ ಕಾದರೆ ಬ್ಲೌಸು ತಪ್ಪುತ್ತದೆ. ಕಾಯದಿದ್ದರೆ ಕಂಪ್ಯೂಟರೇ ತಪ್ಪಿಹೋಗಬಹುದು.

"ಹಿಂಗೇ ಬಿಟ್ರೆ ದಿನಕ್ಕೆ ನಾಲ್ಕು ಸಲ ಸಾಯ್ತೈತೆ," ಎಂದಳು ಸುಮಾ. "ಅಪ್‌ಡೇಟ್ ಮಾಡಿದ್ರೆ ಒಂದೇ ಸಲ ಸಾಯಬಹುದು. ಯಾವುದು ಒಳ್ಳೇದು?"

ಆಗ ಉಚ್ಚಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಆ ಡಬ್ಬಿ ಯಾಕ ಬೇಕು? ಲೈನ್‌ಮನ್ ಹೆಂಡ್ತಿ ನಾನಿಲ್ಲೇನು! ಹತ್ತು ನಿಮಿಷ ಅಲ್ಲ, ಒಂದು ತಾಸು ಕರೆಂಟು ಹಿಡಿದು ನಿಲ್ಲಿಸ್ತೀನಿ. ನೀನು ಶುರು ಮಾಡಪ್ಪ!"

ಸಿದ್ಧತೆ ನೋಡಬೇಕಿತ್ತು, ಯುದ್ಧಕ್ಕೂ ಅಷ್ಟಿರಲಿಕ್ಕಿಲ್ಲ! ಉಚ್ಚಂಗಮ್ಮ ಮೊದಲು ಲೈನ್‌ಮನ್ ಮಕ್ತುಮ್ ಸಾಬನಿಗೆ ಫೋನು ಮಾಡಿದಳು. ಆತ ಹನುಮಂತಪ್ಪನ ಕೈಕೆಳಗೆ ಕೆಲಸ ಕಲಿತವನು. "ಅಮ್ಮಾ, ನೀವು ಹೇಳಿದ ಮೇಲೆ ಮುಗೀತು. ನಾನೇ ಟ್ರಾನ್ಸ್‌ಫಾರ್ಮರ್ ಕೆಳಗೆ ಛತ್ರಿ ಹಿಡ್ಕಂಡು ನಿಲ್ತೀನಿ, ಯಾರಿಗೂ ಕೈ ಹಚ್ಚಗೊಡಂಗಿಲ್ಲ," ಎಂದ. ಆಮೇಲೆ ಪಕ್ಕದ ಮನೆಯವರಿಗೆ ಬೋರ್ ಮೋಟಾರ್ ಹಾಕಬೇಡಿ ಎಂದು ಅಪ್ಪಣೆಯಾಯಿತು. ಎದುರು ಮನೆಯ ರುಬ್ಬುವ ಗ್ರೈಂಡರು ನಿಂತಿತು. ರಾಹುಕಾಲ ನೋಡಿದ್ದಾಯಿತು. ಕಂಪ್ಯೂಟರಿನ ಹಣೆಗೆ ಕುಂಕುಮವೂ ಬಿತ್ತು.

ಕೊನೆಗೆ ಉಚ್ಚಂಗಮ್ಮ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು, ಯಾವ ನರಪಿಳ್ಳೆಯೂ ಅದನ್ನು ಮುಟ್ಟದಂತೆ ಕಾವಲು ನಿಂತಳು.

ಕಾಂತರಾಜ್ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಪಟ್ಟಿ ಇಷ್ಟಿಷ್ಟೇ ತುಂಬತೊಡಗಿತು.

ಎರಡು ನಿಮಿಷ. ನಾಲ್ಕು ನಿಮಿಷ. ಆರನೇ ನಿಮಿಷಕ್ಕೆ ಕಂಪ್ಯೂಟರಿನ ಹಿಂದೆ ಏನೋ ಸರಸರ ಎಂದಿತು.

"ಏನದು?" ಎಂದಳು ಸುಮಾ.

"ತಡಿ, ನೋಡ್ತೀನಿ," ಎಂದು ಕಾಂತರಾಜ್ ಬಗ್ಗಿ, ಮೇಜಿನ ಹಿಂದಿನ ವೈರುಗಳ ನಡುವೆ ಕೈ ಹಾಕಿದ.

ಖಟ್!

"ಮೇನ್ ಆಫ್!" ಎಂದು ಉಚ್ಚಂಗಮ್ಮ ಗಂಟಲೆತ್ತಿ ಕೂಗಿದಳು. ಅವಳ ಬಲಗೈ ಸ್ವಿಚ್ಚಿನ ಮೇಲಿತ್ತು. ಅದು ಅಲ್ಲಿಗೆ ಹೋದದ್ದು ಅವಳಿಗೂ ಗೊತ್ತಿರಲಿಲ್ಲ.

ಫ್ಯಾನು ನಿಧಾನವಾಗಿ ನಿಂತಿತು. ಪರದೆ ಕಪ್ಪಾಗಿತ್ತು. ಕಾಂತರಾಜ್ ಬಗ್ಗಿದ್ದವನು ಬಗ್ಗಿದಂತೆಯೇ ಕುತ್ತಿಗೆ ತಿರುಗಿಸಿದ.

"ಅವ್ವಾ... ಏನು ಮಾಡಿದಿ?"

"ನೀನು ವೈರಿಗೆ ಕೈ ಹಾಕಿದೆಲ್ಲೋ..." ಎನ್ನುತ್ತ ಉಚ್ಚಂಗಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಸ್ವಿಚ್ಚು ಮತ್ತೆ ಹಾಕಿದಳು. ಫ್ಯಾನು ತಿರುಗಿತು, ದೀಪ ಹತ್ತಿತು. ಕಂಪ್ಯೂಟರು ಕಣ್ಣು ಬಿಡಲಿಲ್ಲ. ಹತ್ತು ಸಲ ಒತ್ತಿದರೂ ಇಲ್ಲ.

ಅಷ್ಟರಲ್ಲಿ ಫೋನು. ಮಕ್ತುಮ್ ಸಾಬ.

"ಅಮ್ಮಾ, ಹತ್ತು ನಿಮಿಷ ಆತು ನೋಡ್ರಿ! ಮಳೆಯಾಗೆ ನೆನೆದು ನಿಂತಿದ್ದೆ. ಹೋಗ್ಲಿಲ್ಲಲ್ಲ ಕರೆಂಟು?"

"ಇಲ್ಲಪ್ಪ," ಎಂದಳು ಉಚ್ಚಂಗಮ್ಮ ಸಣ್ಣ ದನಿಯಲ್ಲಿ. "ಇಡೀ ಓಣಿಗೆ ಐತೆ."

ಸುಮಾ ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಬಾಲವಿಲ್ಲದ ನವಿಲಿನ ಬ್ಲೌಸು. ಬೈದಿದ್ದರೆ ಉಚ್ಚಂಗಮ್ಮ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದಳು. ಸೊಸೆ ಆ ಬ್ಲೌಸನ್ನು ಮಡಚಿ ಪಕ್ಕಕ್ಕಿಟ್ಟಳು, ಅಷ್ಟೇ. ಅದನ್ನೇ ಉಚ್ಚಂಗಮ್ಮನಿಗೆ ತಡೆಯಲಾಗಲಿಲ್ಲ.

"ಏಳ್ರಿ, ದಾವಣಗೆರೆಗೆ ಹೋಗಾನ," ಎಂದಳು ಉಚ್ಚಂಗಮ್ಮ.

ಕಂಪ್ಯೂಟರಿನ ಪೆಟ್ಟಿಗೆ ಎತ್ತುವ ಮೊದಲು ಅವಳು "ನೀವು ಆಟೋ ನೋಡ್ರಿ" ಎಂದು ಇಬ್ಬರನ್ನೂ ಹೊರಗೆ ಕಳಿಸಿ, ಮೇಜಿನ ಹಿಂದಿನಿಂದ ಏನೋ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಅಡುಗೆಮನೆಗೆ ಸಾಗಿಸಿದ್ದನ್ನು ಯಾರೂ ಗಮನಿಸಲಿಲ್ಲ.

ಬಸ್ಸಿನಲ್ಲಿ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ತಾನೇ ತೊಡೆಯ ಮೇಲಿಟ್ಟುಕೊಂಡಳು. "ಕೂಸಿಗೆ ಆರಾಮಿಲ್ಲೇನಜ್ಜಿ?" ಎಂದು ಕಂಡಕ್ಟರು ಕೇಳಿದ. "ಹೂನಪ್ಪ," ಎಂದಳು. ಸುಳ್ಳೆನಿಸಲಿಲ್ಲ.

ಗುಲ್ನಾಜ್ ಎಲ್ಲ ಕೇಳಿದಳು. ನಗು ತಡೆಯಲು ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಆಮೇಲೆ ಪೆಟ್ಟಿಗೆ ಬಿಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಒಳಗಿನ ಒಂದು ಸಣ್ಣ ಚಿಪ್‌ಗೆ ಕಚ್ಚಿಸಿದಳು.

"ಹೆದರಬ್ಯಾಡ್ರಿ ಅಮ್ಮಾ. ನೆನಪು ಹೋದದ್ದಕ್ಕೆ ಈ ಕ್ಲಿಪ್ ಹಚ್ಚಿದ್ರೆ ಹೊರಗಿನಿಂದ ಮತ್ತೆ ಬರೀಬಹುದು."

ಅರ್ಧ ತಾಸು ಕಳೆಯಿತು. ಪೀಂ ಎಂದು ಒಂದು ಸದ್ದು. ಪರದೆ ಬೆಳಗಿತು! ಸುಮಾ ಗುಲ್ನಾಜಳನ್ನು ಅಪ್ಪಿಕೊಂಡಳು. ಉಚ್ಚಂಗಮ್ಮ ಇಬ್ಬರನ್ನೂ ಸೇರಿಸಿ ಅಪ್ಪಿಕೊಂಡಳು.

"ಇನ್ನೊಂದು ಐತೆ," ಎಂದು ಗುಲ್ನಾಜ್, ಅವರು ಪೆಟ್ಟಿಗೆಯ ಜೊತೆಗೆ ತಂದಿದ್ದ ಕರೆಂಟಿನ ವೈರನ್ನು ಎತ್ತಿ ಹಿಡಿದಳು. ಗೇಣುದ್ದ ರಬ್ಬರು ಮಾಯವಾಗಿ ತಾಮ್ರದ ಎಳೆಗಳು ಫಳಫಳ ಹೊಳೆಯುತ್ತಿದ್ದವು. "ಇಲಿ ಕಡಿದೈತೆ. ಅದಕ್ಕೇ ಆರಿಹೋಗ್ತಿತ್ತು. ಬಯಾಸ್‌ದೇನೂ ತಪ್ಪಿಲ್ಲ. ಅಣ್ಣಾ, ನೀವು ಕೈ ಹಾಕಿದ್ದು ಎಲ್ಲಿ?"

ಕಾಂತರಾಜ್ ತೋರಿಸಿದ. ಸರಿಯಾಗಿ ಅಲ್ಲೇ.

"ಯಾ ಅಲ್ಲಾ! ಅಮ್ಮ ಮೇನ್ ಆಫ್ ಮಾಡದಿದ್ರೆ..."

ಕಾಂತರಾಜ್ ಕುರ್ಚಿ ಹುಡುಕಿ ಕೂತ. ಸುಮಾ ಅತ್ತೆಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಉಚ್ಚಂಗಮ್ಮನಿಗೆ ಗಂಡನ ದನಿ ಕಿವಿಯಲ್ಲೇ ಕೇಳಿದಂತಾಯಿತು. ಅಂಗಡಿಯ ಬಾಗಿಲ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು.

ಆದರೆ ಮೂಗು ಒರೆಸಿಕೊಂಡಿದ್ದು ದಾವಣಗೆರೆಯಲ್ಲಿ ಮಾತ್ರ. ಹರಿಹರದಲ್ಲಿ ಬಸ್ಸಿಳಿಯುವಷ್ಟರಲ್ಲಿ ಅದೇ ಮೂಗು ಆಕಾಶಕ್ಕೇರಿತ್ತು! ಶುಕ್ರವಾರ ಎಡಗಡೆ ಮನೆಗೆ, ಶನಿವಾರ ಬಲಗಡೆ ಮನೆಗೆ, ಭಾನುವಾರ ಹಾಲಿನವನಿಗೆ, "ಮಗನ ಜೀವ ಉಳಿಸಿದ್ದು ಈ ಕೈ!" ಎಂದು ಕೈಯೆತ್ತಿ ತೋರಿಸಿದ್ದೇ ತೋರಿಸಿದ್ದು.

ಸೋಮವಾರ ಹನ್ನೊಂದು ಬ್ಲೌಸು, ಇಪ್ಪತ್ತೆರಡು ನವಿಲು, ಕೊಕ್ಕು ಬಾಲ ಸಮೇತ ಮಲೆಬೆನ್ನೂರಿನ ಬಸ್ಸು ಹತ್ತಿದವು. ಸಂಜೆ ಯುಪಿಎಸ್ ಹಾಕಲು ಗುಲ್ನಾಜ್ ಬಂದಳು. ಮಳೆಯಲ್ಲಿ ನಿಂತ ಉಪಕಾರಕ್ಕೆ ಮಕ್ತುಮ್ ಸಾಬನನ್ನೂ ಕರೆಸಿದ್ದರು. "ಬರ್ರಿ, ಕೂಡ್ರಿ!" ಎಂದು ಉಚ್ಚಂಗಮ್ಮ ತಾನೇ ಬಿಸಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಂದಿಟ್ಟಳು.

"ಈ ಸಲ ಮಂಡಕ್ಕಿ ಯಾಕೋ ಮೆತ್ತಗೈತಲ್ಲ ಅವ್ವಾ?" ಎಂದ ಕಾಂತರಾಜ್. "ಹೋದ ವಾರ ಈ ಮಳೆಯಾಗೂ ಗರಿಗರಿ ಇತ್ತು. ನಿನ್ನ ಕೈಗುಣ ಅಂತಿದ್ದೆ."

ಗುಲ್ನಾಜ್ ತಿನ್ನುವುದನ್ನು ನಿಲ್ಲಿಸಿದಳು. ತನ್ನ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಒಳಗೆ ಒಂದು ಹಿಡಿ ಮಂಡಕ್ಕಿ, ಇಲಿ ಹಲ್ಲಿನ ಗುರುತಿನ ಸಮೇತ!

"ಆವತ್ತು ಪೆಟ್ಟಿಗೆ ಗುಡಿಸಿದಾಗ ಒಳಗೆ ಸಿಕ್ತು. ಕಂಪ್ಯೂಟರಿನ ಹಿಂದೆ ಬೆಚ್ಚಗಿನ ಗಾಳಿ ಬರ್ತೈತೆ, ಅಲ್ಲಿಟ್ರೆ ಮಂಡಕ್ಕಿ ಮೆತ್ತಗಾಗಂಗಿಲ್ಲ, ಖರೆ. ಆದ್ರೆ ಅದರ ವಾಸನೆಗೇ ಇಲಿ ಬಂದೈತೆ. ಅಲ್ಲಿ ಇಟ್ಟೋರು ಯಾರು ಅಂತ ನನಗೆ ಗೊತ್ತಾಗ್ಲಿಲ್ಲ."

ಮಕ್ತುಮ್ ಸಾಬ ಎತ್ತಿದ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. ನಾಲ್ಕು ಜೊತೆ ಕಣ್ಣು ಉಚ್ಚಂಗಮ್ಮನ ಮೇಲೆ.

"ಅವ್ವಾ," ಎಂದ ಕಾಂತರಾಜ್, "ಮಂಡಕ್ಕಿ ಚೀಲ ಅಲ್ಲಿ ಯಾರು ಇಟ್ಟಿದ್ರು?"

ಉಚ್ಚಂಗಮ್ಮ ಸೂರು ನೋಡಿದಳು, ನೆಲ ನೋಡಿದಳು, ಮಗನ ಜೀವ ಉಳಿಸಿದ ಬಲಗೈಯನ್ನು ಸೆರಗಿನೊಳಗೆ ಅಡಗಿಸಿಟ್ಟಳು. ಮೂವತ್ತು ವರ್ಷದ ಹಿಂದಿನ ಸಾರಿನ ಉಪ್ಪು ನೆನಪಿಟ್ಟಿದ್ದ ಹೆಂಗಸು, ಜನ್ಮದಲ್ಲಿ ಮೊದಲ ಸಲ ಹೇಳಿದಳು:

"ನನಗೆ ನೆನಪಿಲ್ಲಪ್ಪ!"

ಸುಮಾ ಬಿದ್ದು ಬಿದ್ದು ನಕ್ಕು, ಕಣ್ಣೊರೆಸಿಕೊಂಡು, ಅತ್ತೆಯ ಹೆಗಲಿಗೆ ಕೈ ಹಾಕಿದಳು.

"ಗುಲ್ನಾಜ್, ಆ ಕ್ಲಿಪ್ ತಂದಿದ್ದೀರೇನು? ಲಗೂನ ತಗೀರಿ, ನಮ್ಮತ್ತೆ ಬಯಾಸೂ ಹೋತು!"