ಬ್ಯಾಟರಿಗೆ ಅಂಜುವ ನಮ್ಮ ಭಾವನವರು

ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಇಡೀ ನರಗುಂದದಲ್ಲಿ ಯಾರಿಗೂ ಅಂಜಿದವರಲ್ಲ. ಹಮಾಲರ ಜಗಳದ ನಡುವೆ ನುಗ್ಗುತ್ತಾರೆ. ಕೊಣ್ಣೂರ ಸೇತುವೆ ಮೇಲೆ ಹೊಳೆ ಹರಿಯುವಾಗ "ಏನಾಗತೈತಿ?" ಎಂದು ದಂಡೆಗೆ ಹೋಗಿ ಇಣುಕುತ್ತಾರೆ. ಅಂಥವರು ಅಂಜುವುದು ಒಂದಕ್ಕೇ: ತಮ್ಮ ಕಾರಿನ ಬ್ಯಾಟರಿಗೆ!

ಮೊಬೈಲು ಆಗಷ್ಟೇ ಊರಿಗೆ ಬಂದಿದ್ದ ಕಾಲ. ಓಣಿಯವರೆಲ್ಲ ಹೊಸ ಕಾರಿನ ಮಾತಾಡುತ್ತಿದ್ದರೆ ನಮ್ಮಲ್ಲಿ ಅದೇ ಹಳೇ ಡೀಸೆಲ್ ಗಾಡಿ. ಅದು ಚಾಲೂ ಆದರೆ ಅಡಿಗೆಮನೆಯ ತಾಟುಗಳೆಲ್ಲ ತಾಳ ಹಾಕುತ್ತಿದ್ದವು! ಪ್ರತಿ ಸೋಮವಾರ ಅದರಲ್ಲೇ ಭಾವನವರು ತಮ್ಮ ಹೆಂಡತಿಯನ್ನು, ನಾನು ಅಕ್ಕ ಎಂದು ಕರೆಯುವವಳನ್ನು, ಚಿಕ್ಕನರಗುಂದದ ತವರಿಗೆ ಕರೆದೊಯ್ಯುತ್ತಿದ್ದರು.

ಆ ವರ್ಷದ ದಸರೆಯ ಖಂಡೇಪೂಜೆಯಲ್ಲಿ ಅಕ್ಕ, ಗಾಲಿಗೆ ಹಚ್ಚಿದ್ದು ಸಾಲದೆಂದು ಬ್ಯಾಟರಿಗೂ ವಿಭೂತಿ ಹಚ್ಚಿದಳು. ಬರಬರುತ್ತ ಅದಕ್ಕೆ ವಾಯರು ಬಿಗಿಯುವ ಟರ್ಮಿನಲ್ಲುಗಳ ಮೇಲೆ ಬೆಳ್ಳಗೆ, ಅಲ್ಲಲ್ಲಿ ಹಸಿರಾಗಿ, ಏನೋ ಬೆಳೆಯತೊಡಗಿತು. ಭಾವನವರು ಒರೆಸಲು ಹೋದರೆ ಅಕ್ಕ ಅಡ್ಡ ನಿಂತಳು.

"ದೇವರ ವಿಭೂತಿ ಒರಸ್ತೀರೇನ್ರಿ?"

"ವಿಭೂತಿ ತಿಂಗಳಾ ತಿಂಗಳಾ ಬೆಳೀತೈತೇನ?"

"ಭಕ್ತಿ ಇದ್ದವ್ರ ಮನ್ಯಾಗ ಬೆಳೀತೈತ್ರಿ!"

ಭಕ್ತಿ ಬೆಳೆಯಿತು, ಗಾಡಿ ನಿಂತಿತು. ಅದೂ ಎಲ್ಲಿ? ನಟ್ಟನಡು ಸೋಮವಾರ, ಬಸ್ ಸ್ಟ್ಯಾಂಡಿನ ಎದುರು! ಅರ್ಧ ಊರು ತಳ್ಳಿತು, ಉಳಿದರ್ಧ ಬುದ್ಧಿ ಹೇಳಿತು. ಸಂಜೆ ನಮ್ಮ ಯಜಮಾನರು ತೀರ್ಪು ಕೊಟ್ಟರು: "ಅಣ್ಣಾ, ಇನ್ನೊಮ್ಮಿ ನಿಂತ್ರ ಇದನ್ನ ಗುಜರಿಗೆ ಹಾಕೂದ. ಹೊಸಾದ ತರೂಣು."

ಯಾರಿಗೂ ಅಂಜದ ಭಾವನವರ ಮುಖ ಬಾಡಿತು. ಹಳೇ ತಗಡಿನ ಮೇಲೆ ಇಷ್ಟು ಜೀವವೇ ಎಂದು ನಾನು ಒಳಗೊಳಗೇ ನಕ್ಕೆ.

ಮುಂದಿನ ರವಿವಾರ ಅಂಗಳದಲ್ಲಿ ಕರ್ಫ್ಯೂ! ಭಾವನವರು ಹೊಲಕ್ಕೆ ಔಷಧ ಹೊಡೆಯುವಾಗಿನ ಕನ್ನಡಕ, ರಬ್ಬರಿನ ಕೈಗವಸು ಹಾಕಿದರು. ಕಿಡಿ ಹಾರೀತೆಂದು ಉಂಗುರ, ಗಡಿಯಾರ, ಬೆಳ್ಳಿ ಉಡದಾರ ಬಿಚ್ಚಿಟ್ಟರು. ಕೊರಳಿನ ಬೆಳ್ಳಿ ಕರಡಿಗೆ? ಒಳಗೆ ಲಿಂಗವಿದೆ, ಮೈಮೇಲಿಂದ ತೆಗೆಯುವಂತಿಲ್ಲ. ಬ್ಯಾಟರಿಯ ಮೇಲೆ ಜೋಲಾಡಲು ಬಿಡುವಂತೆಯೂ ಇಲ್ಲ. ಬಹಳ ವಿಚಾರ ಮಾಡಿ ಅದನ್ನು ಬೆನ್ನಿಗೆ ಸರಿಸಿ, ಮೇಲೆ ವಸ್ತ್ರ ಬಿಗಿದುಕೊಂಡರು.

"ಮುಂದ ನಾ ನೋಡ್ಕೋತೀನಿ, ಹಿಂದ ಶಿವಾ ನೋಡ್ಕೋತಾನ!"

ಅಷ್ಟರಲ್ಲಿ ಅಕ್ಕ ಊದಿನಕಡ್ಡಿ ಹಿಡಿದು ಬಂದಳಲ್ಲ!

"ಏ, ಬೆಂಕಿ ದೂರ ಒಯ್ಯಿ! ಬ್ಯಾಟರಿ ಗ್ಯಾಸಿಗೆ ಕಿಡಿ ಹತ್ತಿದ್ರ ನಾ ಸೀದಾ ಕೈಲಾಸಕ್ಕ!"

"ಹೋಗೂದಾದ್ರ ಕೈಯಾಗಿನ ಅಡಿಗಿ ಸೋಡಾ ಇಟ್ಟ ಹೋಗ್ರಿ. ಸಂಜಿಗೆ ಮಿರ್ಚಿ ಭಜಿ ಮಾಡೂದೈತಿ."

ಗಾಡಿಯ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡು, ಮೊದಲು ಮೈನಸ್ ವಾಯರು, ಆಮೇಲೆ ಪ್ಲಸ್ ಬಿಚ್ಚಿದರು. ಬ್ಯಾಟರಿಯ ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ಎಂದು ಮುಟ್ಟಿ ಮುಟ್ಟಿ ನೋಡಿದರು. ಅಡಿಗೆ ಸೋಡಾ ಕದಡಿದ ನೀರು ಬಿದ್ದದ್ದೇ ತಡ, ಅಕ್ಕನ ಭಕ್ತಿಯೆಲ್ಲ ಬುಸುಬುಸು ನೊರೆಯಾಯಿತು! ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಒಣಬಟ್ಟೆಯಿಂದ ಒರೆಸಿ, ಈ ಸಲ ಪ್ಲಸ್ ಮೊದಲು, ಮೈನಸ್ ಆಮೇಲೆ ಬಿಗಿದರು. ಕೊನೆಗೆ ಕೂಸಿಗೆ ಹಚ್ಚುವಂತೆ ವ್ಯಾಸಲೀನು ಹಚ್ಚಿದರು.

"ನನ್ನ ಹಿಮ್ಮಡಿ ಒಡದ ವರ್ಷಾತು," ಅಕ್ಕ ನನ್ನ ಕಡೆ ತಿರುಗಿದಳು, "ಅದಕ್ಕ ಒಂದ ದಿನಾ ಹಚ್ಚಿಲ್ಲ ನೋಡವಾ!"

ಮರುದಿನ ಸೋಮವಾರ. ಗಾಡಿ ನಿಂತರೆ ಕಣ್ಣಾರೆ ನೋಡಬೇಕೆಂದು ನಮ್ಮ ಯಜಮಾನರೂ ಹತ್ತಿದರು, ಹಿಂದೆ ಅಕ್ಕನ ಪಕ್ಕ ನಾನೂ ಕೂತೆ. ಭಾವನವರು ಕೀಲಿ ತಿರುಗಿಸಿದರು. ಒಂದೇ ಏಟಿಗೆ ಚಾಲೂ! ದಾರಿಯುದ್ದಕ್ಕೂ ಅವರ ಕಿವಿಯೆಲ್ಲ ಇಂಜಿನ್ನಿನ ಮೇಲೆ.

ಚಿಕ್ಕನರಗುಂದದ ಓಣಿಗೆ ತಿರುಗುವಷ್ಟರಲ್ಲೇ ಮನೆಯೊಳಗಿಂದ ಕೂಗು ಕೇಳಿಸಿತು: "ನನ್ನ ಮಗಳು ಬಂದ್ಲು! ಚಹಾಕ್ಕ ಇಡ್ರಿ!"

ಅಕ್ಕನ ಅವ್ವ. ಕಣ್ಣು ಪೂರಾ ಹೋಗಿವೆ ಎಂದು ನನಗೆ ಗೊತ್ತಾದದ್ದೇ ಆಗ. ಬಾಗಿಲ ಚೌಕಟ್ಟು ತಡವರಿಸುತ್ತ ಹೊರಗೆ ಬಂದರು.

"ಅಣ್ಣಾ, ಮನಿ ಬಂತಲ್ಲ, ಗಾಡಿ ಬಂದ್ ಮಾಡು," ಎಂದರು ನಮ್ಮ ಯಜಮಾನರು.

ಭಾವನವರು ಮಾಡಲಿಲ್ಲ. ಆ ಅಜ್ಜಿ ಚೌಕಟ್ಟು ಬಿಟ್ಟು, ಎರಡೂ ಕೈ ಚಾಚಿ, ಆ ಹಳೇ ಗಾಡಿಯ ಗುಡುಗುಡು ಸಪ್ಪಳದ ಕಡೆಗೇ ಅಂಗಳ ದಾಟಿ ನೆಟ್ಟಗೆ ಬರುತ್ತಿದ್ದರು. ಅಕ್ಕ ಓಡಿಹೋಗಿ ಆ ಕೈ ಹಿಡಿದುಕೊಂಡಳು. ಆಮೇಲೆಯೇ ಭಾವನವರು ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿದ್ದು.